ಇದ್ದದ್ದು ಇದ್ದ ಹಾಗೆ

"ಕೆಟ್ಟ ಸುದ್ದಿ ಹೇಳುವವಳು ನೀನೇ ಯಾಕಾಗಬೇಕು? ಉಳಿದವರಿಗೂ ಗೊತ್ತಿರುತ್ತದಲ್ಲ, ಅವರು ಹೇಳಲಿ ಬಿಡು."

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ರಾತ್ರಿ, ಮಗಳಿಗೆ ಫೋನಿನಲ್ಲಿ ಹೀಗೆ ಬುದ್ಧಿ ಹೇಳಿದವಳು ನಾನೇ. ಅವಳು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳ ತಂಡ ಏಪ್ರಿಲ್ ಕೊನೆಗೆ ಒಂದು ಕೆಲಸ ಮುಗಿಸಿ ಕೊಡುವುದೆಂದು ಮಾತಾಗಿತ್ತು. ಇವಳ ಲೆಕ್ಕದಲ್ಲಿ ಅದು ಜೂನ್‌ಗೆ ಮೊದಲು ಆಗುವ ಹಾಗಿರಲಿಲ್ಲ. ಸೋಮವಾರದ ಸಭೆಯಲ್ಲಿ ಅದನ್ನು ಹೇಳಲೋ ಬೇಡವೋ ಎಂಬುದು ಅವಳ ಸಂಕಟ. ಸ್ವಲ್ಪ ಹೊಂದಿಕೊಂಡು ಹೋಗು ಎಂದೆ. ನಮ್ಮ ತಾಯಂದಿರು ನಮಗೆ ಹೇಳಿಕೊಟ್ಟದ್ದನ್ನೇ ನಾನೂ ದಾಟಿಸಿದೆ.

ಅವಳು ಕೇಳಲಿಲ್ಲ, ಹೇಳಿಯೇಬಿಟ್ಟಳು. ಕೆಲಸ ಮುಗಿದದ್ದು ಜೂನ್ ಎರಡನೆಯ ವಾರ. ಆದರೆ ಅಷ್ಟರಲ್ಲಿ, ಮಾರ್ಚಿಯಲ್ಲೇ, ಆ ಕೆಲಸದ ಮುಂದಾಳುತನ "ಏಪ್ರಿಲ್‌ಗೆ ಆಗುತ್ತದೆ" ಎಂದ ಹುಡುಗನ ಕೈಗೆ ಹೋಗಿತ್ತು. ಯಾರೂ ಇವಳನ್ನು ಬೈಯಲಿಲ್ಲ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಮಾತ್ರ ಇವಳ ದೃಷ್ಟಿ ಸ್ವಲ್ಪ ನಕಾರಾತ್ಮಕ ಎಂದು ಒಂದು ಸಾಲು ಸೇರಿಕೊಂಡಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂದು ಗಾದೆ ಕಟ್ಟಿದವರು ದಡ್ಡರಲ್ಲ ಎಂದುಕೊಂಡು, 'ನಾನು ಹೇಳಿರಲಿಲ್ಲವೇ' ಎಂಬ ಸಣ್ಣ ಸಮಾಧಾನದಲ್ಲಿ ನಾನು ಕೆಲವು ದಿನ ಓಡಾಡಿಕೊಂಡಿದ್ದೆ.

ಆ ಸಮಾಧಾನ ಕೆಡಿಸಿದ್ದು ಒಂದು ಪುಸ್ತಕ. ದಸರಾ ರಜೆಗೆ ಬಂದವಳು ಅದನ್ನು ಮಂಚದ ಮೇಲೆ ಬಿಟ್ಟು ಹೋಗಿದ್ದಳು. ಹೆಸರು 'ದಿ ಮಿಥಿಕಲ್ ಮ್ಯಾನ್-ಮಂತ್'. ಬರೆದವರು ಫ್ರೆಡರಿಕ್ ಬ್ರೂಕ್ಸ್ ಎಂಬ ಅಮೆರಿಕದ ಮೇಷ್ಟ್ರು. 1960ರ ದಶಕದಲ್ಲಿ ಐಬಿಎಂ ಕಂಪನಿಯ ಸಿಸ್ಟಂ/360 ಎಂಬ ದೊಡ್ಡ ಕಂಪ್ಯೂಟರುಗಳಿಗಾಗಿ ಓಎಸ್/360 ಎಂಬ ಬೃಹತ್ ತಂತ್ರಾಂಶ ಬರೆಸುವ ಹೊಣೆ ಇವರ ಮೇಲಿತ್ತು. ಅದು ತಡವಾಯಿತು, ಅಂದಾಜಿಗಿಂತ ಎಷ್ಟೋ ಪಾಲು ಹೆಚ್ಚು ಖರ್ಚಾಯಿತು. ಇವರು ಕಂಪನಿ ಬಿಟ್ಟು ವಿಶ್ವವಿದ್ಯಾನಿಲಯಕ್ಕೆ ಪಾಠ ಹೇಳಲು ಹೋದರು. ತಂತ್ರಾಂಶದ ಕೆಲಸವನ್ನು ಹತೋಟಿಯಲ್ಲಿಡುವುದು ಯಾಕೆ ಇಷ್ಟು ಕಷ್ಟ ಎಂದು ಕಂಪನಿಯ ಯಜಮಾನರು ಕೇಳಿದ ಪ್ರಶ್ನೆಗೆ ಉತ್ತರವೆಂಬಂತೆ 1975ರಲ್ಲಿ ಈ ಪುಸ್ತಕ ಬರೆದರು. 1995ರಲ್ಲಿ ಹೊಸ ಅಧ್ಯಾಯಗಳು ಸೇರಿ ಮತ್ತೆ ಬಂತು. ಬ್ರೂಕ್ಸ್ ತೀರಿಕೊಂಡದ್ದು 2022ರಲ್ಲಿ. ಕುರ್ಚಿ ಬಿಟ್ಟ ಮೇಲೆ ಮನುಷ್ಯರು ಎಷ್ಟು ಚೆನ್ನಾಗಿ ಬಿಚ್ಚು ಮನಸ್ಸಿನಿಂದ ಮಾತಾಡುತ್ತಾರೆ ನೋಡಿ!

ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿಗೆ ಸಮಾಜ ಪಾಠ ಹೇಳುವ ನನಗೆ ಇದರಲ್ಲಿ ಅರ್ಥವಾಗದ ಪುಟಗಳು ಬೇಕಾದಷ್ಟಿವೆ. ಆಳುಗಳನ್ನೂ ತಿಂಗಳುಗಳನ್ನೂ ಗುಣಿಸಿ ಕೆಲಸದ ಲೆಕ್ಕ ಹಾಕುವುದು ಭ್ರಮೆ ಎಂಬ ಮುಖ್ಯ ಮಾತು ಮಾತ್ರ ಯಾವ ಗೃಹಿಣಿಗೂ ಅರ್ಥವಾಗುತ್ತದೆ. ಅಡುಗೆಮನೆಗೆ ಆರು ಜನ ನುಗ್ಗಿದರೆ ಊಟ ಬೇಗ ಆಗುವುದಿಲ್ಲ, ತಡವಾಗುತ್ತದೆ. ಇದಕ್ಕೆ ಅವರು ಕೊಡುವ ಉದಾಹರಣೆ ಬಸುರಿಯದು. ಎಷ್ಟು ಹೆಂಗಸರನ್ನು ನೇಮಿಸಿದರೂ ಆ ತಿಂಗಳುಗಳು ಕಡಿಮೆಯಾಗುವುದಿಲ್ಲವಂತೆ. ಗಂಡಸರೇ ತುಂಬಿರುವ ಆ ಪುಸ್ತಕದಲ್ಲಿ ನನ್ನ ನೆನಪಿನಲ್ಲಿ ಉಳಿದ ಹೆಂಗಸು ಇವಳೊಬ್ಬಳೇ.

ನಾನು ಪೆನ್ಸಿಲ್ ಹಿಡಿದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಲ ಓದಿದ್ದು ಹದಿನಾಲ್ಕನೆಯ ಅಧ್ಯಾಯವನ್ನು. ಕೆಲಸ ಎಲ್ಲಿಗೆ ಬಂತು ಎಂಬುದನ್ನು ಮೇಲಿನವರಿಗೆ ತಿಳಿಸುವ, ತಿಳಿಸದೆ ಇರುವ ವಿಷಯ ಅದು. ನನ್ನ ಮಗಳ ಆ ಸೋಮವಾರದ ವಿಷಯ.

ದೊಡ್ಡ ಅನಾಹುತ ಬಿರುಗಾಳಿಯ ಹಾಗೆ ಬರುವುದಿಲ್ಲ, ಗೆದ್ದಲಿನ ಹಾಗೆ ಬರುತ್ತದೆ ಎಂಬುದು ಅಧ್ಯಾಯದ ಮೊದಲ ಮಾತು. ಇವತ್ತು ಒಬ್ಬರಿಗೆ ಜ್ವರ, ನಾಳೆ ಯಂತ್ರ ಕೆಟ್ಟಿತು, ನಾಡಿದ್ದು ಮಳೆ. ಒಂದೊಂದೂ ಅರ್ಧ ದಿನ, ಒಂದು ದಿನ. ಯಾವುದೂ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಗೆದ್ದಲನ್ನು ಕಾಣಬೇಕಾದರೆ ಮೈಲಿಗಲ್ಲುಗಳು ಚೂಪಾಗಿರಬೇಕು ಎನ್ನುತ್ತಾರೆ ಬ್ರೂಕ್ಸ್. 'ಬಹುಪಾಲು ಆಯಿತು' ಎಂಬುದು ಮೈಲಿಗಲ್ಲಲ್ಲ. 'ಇಂಥವರು ಓದಿ ರುಜು ಹಾಕಿದರು' ಎಂಬುದು ಮೈಲಿಗಲ್ಲು. ಇದನ್ನು ಓದುವಾಗ ನನಗೆ ನಮ್ಮ ಬೀದಿಯ ಟೈಲರ್ ನೆನಪಾದ. ರವಿಕೆ ಎಲ್ಲಿಗೆ ಬಂತಪ್ಪ ಎಂದರೆ "ಆಗೋಯ್ತಕ್ಕ, ಹುಕ್ಸ್ ಹಾಕೋದೊಂದೇ ಬಾಕಿ" ಎನ್ನುತ್ತಾನೆ. ಬಟ್ಟೆ ಇನ್ನೂ ಕಟ್ಟು ಬಿಚ್ಚಿರುವುದಿಲ್ಲ! ಹುಕ್ಸ್ ಬಾಕಿ ಇರುವ ರವಿಕೆಯನ್ನು ತೋರಿಸು ಎಂದು ಕೇಳಬೇಕಾದದ್ದು ನಾವು. ಕೇಳಿದರೆ ಮುನಿಸಿಕೊಳ್ಳುತ್ತಾನೆಂದು ಕೇಳುವುದಿಲ್ಲ. ಸುಳ್ಳಿನಲ್ಲಿ ಅವನಿಗೆಷ್ಟು ಪಾಲೋ ನಮಗೂ ಅಷ್ಟೇ ಪಾಲು.

ಇದೇ ಅಧ್ಯಾಯದಲ್ಲಿ ಎರಡು ಸಂಶೋಧನೆಗಳ ಪ್ರಸ್ತಾಪವಿದೆ. ಅಮೆರಿಕ ಸರ್ಕಾರಕ್ಕೆ ದೊಡ್ಡ ಕೆಲಸ ಮಾಡಿಕೊಡುವ ಗುತ್ತಿಗೆದಾರರ ಅಂದಾಜುಗಳು ಕಾಲಕಾಲಕ್ಕೆ ಹೇಗೆ ಬದಲಾಗುತ್ತವೆ ಎಂದು ಸಂಶೋಧಕರು ನೋಡಿದರಂತೆ. ಹೆಚ್ಚು ದಿನ ಬೇಕೆಂದು ಹಾಕಿದ ಅಂದಾಜು ಕೆಲಸ ನಡೆಯುತ್ತ ನಡೆಯುತ್ತ ಇಳಿಯುತ್ತದೆ. ಕಡಿಮೆ ದಿನ ಸಾಕೆಂದು ಹಾಕಿದ ಅಂದಾಜು ಮಾತ್ರ ಅಲ್ಲಾಡುವುದೇ ಇಲ್ಲ. ಗಡುವಿಗೆ ಸುಮಾರು ಮೂರು ವಾರ ಇದೆ ಎನ್ನುವವರೆಗೆ ಹಾಗೇ ಕೂತಿರುತ್ತದೆ. ಮೂರು ವಾರ! ನಮ್ಮ ಶಾಲೆಯಲ್ಲಿ 'ಪೋರ್ಷನ್ ಮುಗಿದಿಲ್ಲ' ಎಂಬ ಮಾತು ಹೊರಬೀಳುವುದೂ ಪರೀಕ್ಷೆಗೆ ಸರಿಯಾಗಿ ಅಷ್ಟೇ ದಿನ ಇರುವಾಗ. ನಗು ಬಂತು, ಆಮೇಲೆ ನಗು ನಿಂತಿತು.

ಯಾಕೆಂದರೆ ನನ್ನದೊಂದು ಸುಳ್ಳು ಇದೆ. 1997ರ ಮಾತು. ನಾನಾಗ ಹೊಸಬಳು. ನಮ್ಮ ಮುಖ್ಯೋಪಾಧ್ಯಾಯರು ಶಿಸ್ತಿನ ಮನುಷ್ಯರು, ಪ್ರಾಮಾಣಿಕರೂ ಹೌದು. ಎಲ್ಲ ಬಹಿರಂಗವಾಗಿರಬೇಕೆಂದು ಸ್ಟಾಫ್ ರೂಮಿನ ಗೋಡೆಗೆ ದೊಡ್ಡ ಡ್ರಾಯಿಂಗ್ ಹಾಳೆ ಅಂಟಿಸಿ, ಅದರಲ್ಲಿ ಪ್ರತಿಯೊಬ್ಬರ ಹೆಸರು, ತರಗತಿ, ಪಾಠ, ಮುಗಿದ ತಾರೀಖು ಬರೆಸುತ್ತಿದ್ದರು. ಶನಿವಾರ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಹಿಂದೆ ಬಿದ್ದವರ ಹೆಸರು ಬಂದಾಗ ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ನೋಡುತ್ತಿದ್ದರು. ಅಷ್ಟೇ, ಒಂದು ಮಾತೂ ಇಲ್ಲ. ಆ ನೋಟ ತಪ್ಪಿಸಿಕೊಳ್ಳಲು ನಾನು ಎಂಟನೆಯ ತರಗತಿಯ ಎರಡು ಪಾಠಗಳ ಮುಂದೆ, ಮಾಡದೆಯೇ, ತಾರೀಖು ಹಾಕಿದೆ. ಮುಂದಿನ ತಿಂಗಳು ಮಾಡಿಬಿಟ್ಟರಾಯಿತು ಎಂಬ ಲೆಕ್ಕ. ಮುಂದಿನ ತಿಂಗಳು ಬೇರೆ ಪಾಠಗಳಿದ್ದವು. ಮರುವರ್ಷ ಅದೇ ಮಕ್ಕಳನ್ನು ಒಂಬತ್ತರಲ್ಲಿ ತೆಗೆದುಕೊಂಡ ಸಹೋದ್ಯೋಗಿ, "ಮೌರ್ಯರು ಅಂದರೆ ಮಿಕಮಿಕ ನೋಡುತ್ತವಲ್ರೀ" ಎಂದು ನನ್ನೆದುರಿಗೇ ಆಶ್ಚರ್ಯಪಟ್ಟರು. ನಾನೂ ಅವರ ಜೊತೆ ಆಶ್ಚರ್ಯಪಟ್ಟೆ.

ಆ ಗೋಡೆಯ ಹಾಳೆಗಿಂತ ಹೆಚ್ಚಿನ ಬಿಚ್ಚುತನ ಬೇಕೆ? ಆದರೂ ಅದು ನನ್ನಿಂದ ಸುಳ್ಳು ಬರೆಸಿತು. ಬ್ರೂಕ್ಸ್ ಇದರ ಕಾರಣವನ್ನು ಸರಿಯಾಗಿ ಹಿಡಿದಿದ್ದಾರೆ. ಕೆಳಗಿನ ಮುಖ್ಯಸ್ಥನಿಗೆ ತನ್ನ ತೊಂದರೆಯನ್ನು ತಾನೇ ಸರಿಮಾಡಿಕೊಳ್ಳಬಲ್ಲೆ ಎಂಬ ನಂಬಿಕೆ ಇರುತ್ತದೆ. ಹೇಳಿದರೆ ಮೇಲಿನವನು ಕೈಹಾಕುತ್ತಾನೆ, ತನ್ನ ಅಧಿಕಾರ ಹೋಗುತ್ತದೆ, ಇದ್ದ ಯೋಜನೆಯೂ ಕೆಡುತ್ತದೆ. ಅದಕ್ಕೇ ಕಸವನ್ನು ಜಮಖಾನದ ಅಡಿಗೆ ಗುಡಿಸುತ್ತಾನೆ. ಮೇಲಿನವನು ಎರಡು ಬಗೆಯ ಸುದ್ದಿಯನ್ನು ಬೇರೆ ಮಾಡಲು ಕಲಿಯಬೇಕು: ತಾನು ಏನಾದರೂ ಮಾಡಬೇಕಾದ ಸುದ್ದಿ, ಸುಮ್ಮನೆ ತಿಳಿದುಕೊಳ್ಳಬೇಕಾದ ಸುದ್ದಿ. ಸ್ಥಿತಿ ತಿಳಿಯಲು ಕರೆದ ಸಭೆಯಲ್ಲಿ ಕೂತು ಅಪ್ಪಣೆ ಕೊಡಕೂಡದು. ವರದಿಯ ಮೊದಲ ಪ್ಯಾರಾ ಓದಿ ಮುಗಿಸುವ ಮೊದಲೇ ಫೋನ್ ಎತ್ತಿಕೊಳ್ಳುತ್ತಿದ್ದ ಒಬ್ಬ ಯಜಮಾನರ ಕಥೆಯನ್ನೂ ಹೇಳುತ್ತಾರೆ. ಅಂಥವರಿಗೆ ಪೂರ್ತಿ ಸತ್ಯ ಯಾರು ತಾನೇ ಹೇಳಿಯಾರು?

ಇದು ಬರೆದು ಐವತ್ತು ವರ್ಷ ಕಳೆದರೂ ಗೋಡೆಯ ಹಾಳೆ ಹೋಗಿಲ್ಲ, ಕಂಪ್ಯೂಟರಿನ ಪರದೆಗೆ ಬಂದಿದೆ. ಮಗಳ ಕಂಪನಿಯಲ್ಲಿ ಕೆಲಸಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಬಳಿಯುತ್ತಾರೆ. ಕೆಂಪು ಹಾಕಿದ ಮರುದಿನ ಸಭೆಗೆ ನಾಲ್ಕು ಜನ ದೊಡ್ಡವರು ಹೆಚ್ಚಾಗಿ ಬರುತ್ತಾರಂತೆ. ಅವರಿಗೆ ವಿವರಿಸುವುದರಲ್ಲಿ ಕೆಲಸದ ಹೊತ್ತು ಹೋಗುತ್ತದೆ. ಆದ್ದರಿಂದ ಮುಂದಿನ ವಾರ ಎಲ್ಲ ಹಸಿರು. ಇಂಥ ಕೆಲಸಕ್ಕೆ ಅವರ ಲೋಕದಲ್ಲಿ 'ಕಲ್ಲಂಗಡಿ' ಎಂಬ ಹೆಸರೇ ಇದೆಯಂತೆ, ಮೇಲೆ ಹಸಿರು, ಕೊಯ್ದರೆ ಕೆಂಪು. ಬೆಳಿಗ್ಗೆ ನಿಂತುಕೊಂಡೇ ನಡೆಸುವ ಹದಿನೈದು ನಿಮಿಷದ ಸಭೆಯೂ ಹಾಗೆಯೇ. ಸ್ಕ್ರಂ ಎಂಬ ಪದ್ಧತಿಯ ಮೂಲ ಕೈಪಿಡಿಯಲ್ಲಿ ಅದು ಕೆಲಸ ಮಾಡುವವರು ತಮ್ಮ ತಮ್ಮಲ್ಲಿ ಆ ದಿನದ ಯೋಜನೆ ಹಾಕಿಕೊಳ್ಳಲು ಇರುವ ಸಭೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಅಡ್ಡಿಯೇನು ಎಂಬ ಮೂರು ಪ್ರಶ್ನೆಗಳು ಮೊದಲು ಅದರಲ್ಲಿದ್ದವು. 2020ರ ಆವೃತ್ತಿಯಲ್ಲಿ ಅವನ್ನೂ ಕೈಬಿಟ್ಟಿದ್ದಾರೆ. ಆದರೆ ಮಗಳ ಕಂಪನಿಯಲ್ಲಿ ಹಾಜರಿ ಹಾಕಿದ ಹಾಗೆ ಒಬ್ಬೊಬ್ಬರೂ ಯಜಮಾನರ ಕಡೆ ಮುಖ ಮಾಡಿ ಒಪ್ಪಿಸುತ್ತಾರೆ. ನಮ್ಮ ಶನಿವಾರವೇ ದಿನಾ ಬಂದ ಹಾಗಾಯಿತು.

ಈಗ ನನ್ನ ತಕರಾರು. ಅಧ್ಯಾಯದ ಮೊದಲಿಗೆ ಒಂದು ಚಿತ್ರವಿದೆ. ಕಾನೋವಾ ಎಂಬ ಇಟಲಿಯ ಶಿಲ್ಪಿ ಕಡೆದ ಹರ್ಕ್ಯುಲಿಸ್ ಮತ್ತು ಲೈಕಾಸ್. ಗ್ರೀಕರ ಕಥೆಯಲ್ಲಿ ಹರ್ಕ್ಯುಲಿಸನ ಹೆಂಡತಿ ಡಿಯನೈರಾ. ಗಂಡ ಇನ್ನೊಬ್ಬಳನ್ನು ಮನೆಗೆ ತರುತ್ತಿದ್ದಾನೆಂದು ತಿಳಿದು, ಅವನ ಪ್ರೀತಿ ಉಳಿಸಿಕೊಳ್ಳಲು ಒಂದು ನಿಲುವಂಗಿಗೆ ವಶೀಕರಣದ ಮದ್ದೆಂದು ನಂಬಿದ ರಕ್ತವನ್ನು ಸವರಿ, ಲೈಕಾಸನೆಂಬ ಸೇವಕನ ಕೈಯಲ್ಲಿ ಕಳಿಸುತ್ತಾಳೆ. ಅದು ಗಂಡನ ವೈರಿಯೊಬ್ಬ ಸಾಯುವಾಗ ಮೋಸದಿಂದ ಕೊಟ್ಟು ಹೋದ ವಿಷ. ಅಂಗಿ ಹರ್ಕ್ಯುಲಿಸನ ಮೈ ಸುಡುತ್ತದೆ. ಅವನು ಏನೂ ಅರಿಯದ ಲೈಕಾಸನ ಕಾಲು ಹಿಡಿದು ಬೀಸಿ ಎಸೆಯುತ್ತಾನೆ. ಚಿತ್ರದಲ್ಲಿರುವುದು ಆ ಗಳಿಗೆ. ಡಿಯನೈರಾ ಪ್ರಾಣ ಕಳೆದುಕೊಳ್ಳುತ್ತಾಳೆ, ಅವಳು ಚಿತ್ರದಲ್ಲಿಲ್ಲ.

ಇಷ್ಟು ಭಯಂಕರ ಚಿತ್ರ ಹಾಕಿದ ಬ್ರೂಕ್ಸ್, ಒಳಗೆ ಲೈಕಾಸನ ಬಗ್ಗೆ ಎಷ್ಟು ಮಾತಾಡುತ್ತಾರೆ? ಬಹಳ ಕಡಿಮೆ. ಅವರ ಕಣ್ಣು ಯಜಮಾನನ ಮೇಲೆಯೇ. ಯಜಮಾನನಿಗೆ ಸುದ್ದಿ ಹೇಗೆ ಸಿಗಬೇಕು, ಅವನು ಹೇಗೆ ಕೈ ಕಟ್ಟಿಕೊಳ್ಳಬೇಕು, ಮೈಲಿಗಲ್ಲುಗಳನ್ನು ವಿಚಾರಿಸುವ ಪುಟ್ಟ ತಂಡವೊಂದನ್ನು ಹೇಗೆ ಇಟ್ಟುಕೊಳ್ಳಬೇಕು. ಎಲ್ಲ ಸರಿ. ಮೊದಲು ಬಾಯಿ ಬಿಟ್ಟವಳ ಗತಿ? ಯಜಮಾನ ಫೋನ್ ಎತ್ತದೆ, ಬೈಯದೆ, ತಾಳ್ಮೆಯಿಂದಲೇ ಕೇಳಿಸಿಕೊಂಡ ಎಂದಿಟ್ಟುಕೊಳ್ಳಿ. ಮಾರ್ಚಿಯಲ್ಲಿ ಮುಂದಾಳುತನ ಕೈ ಬದಲಾಗಲು, ವರ್ಷದ ಕೊನೆಗೆ ಒಂದು ಸಾಲು ಸೇರಲು ಬೈಗುಳ ಬೇಕಿಲ್ಲ. ಐದು ಜನರಿಗೆ ಗೊತ್ತಿರುವ ಸತ್ಯವನ್ನು ಒಬ್ಬಳು ಹೇಳಿದರೆ ಲಾಭ ಐವರದು, ನಷ್ಟ ಒಬ್ಬಳದು. ಈ ಲೆಕ್ಕ ಬ್ರೂಕ್ಸ್ ಅವರ ಅಧ್ಯಾಯದಲ್ಲಿಲ್ಲ. ನನ್ನ ಫೆಬ್ರವರಿಯ ಬುದ್ಧಿಮಾತಿನಲ್ಲಿ ಇದ್ದದ್ದು ಇದೊಂದೇ.

ಹಾಗಾದರೆ ನಾನೇ ಸರಿಯಲ್ಲವೇ ಎಂದು ವಾದ ಮಾಡಿದೆ. ಮಗಳು ಫೋನಿನಲ್ಲಿ, "ಅಮ್ಮ, ನಿನ್ನ ಥರದ ಮೇಷ್ಟ್ರುಗಳದ್ದೇ ಒಂದು ಕಥೆ ಇದೆ, ನೊವೊಪೇ ಅಂತ, ಓದು" ಎಂದಳು.

ಓದಿದೆ. ನ್ಯೂಜಿಲೆಂಡಿನ ಎಲ್ಲ ಸರ್ಕಾರಿ ಶಾಲೆಗಳ ಶಿಕ್ಷಕರು, ಸಿಬ್ಬಂದಿಯ ಸಂಬಳ ಬಟವಾಡೆಗೆ ಮಾಡಿಸಿದ ತಂತ್ರಾಂಶ ಅದು. ಎರಡು ಸಾವಿರಕ್ಕೂ ಹೆಚ್ಚು ಶಾಲೆ, ಸುಮಾರು 1,10,000 ಜನ, ಹದಿನೈದು ದಿನಕ್ಕೊಮ್ಮೆ ಸಂಬಳ. 2008ರಲ್ಲಿ ಆಸ್ಟ್ರೇಲಿಯಾದ ಒಂದು ಕಂಪನಿಗೆ ಗುತ್ತಿಗೆ ಕೊಟ್ಟರು. ಗಡುವು ಮುಂದೆ ಮುಂದೆ ಹೋಯಿತು. 2012ರ ಜೂನ್ 5ರಂದು ಮೂವರು ಮಂತ್ರಿಗಳು ಒಪ್ಪಿಗೆ ಕೊಟ್ಟರು, ಆಗಸ್ಟ್‌ನಲ್ಲಿ ಚಾಲನೆಯಾಯಿತು. ಒಪ್ಪಿಗೆ ಕೊಡುವ ಹೊತ್ತಿಗೆ ಗೊತ್ತಿದ್ದ ದೋಷಗಳೇ 147. ಸಾವಿರಾರು ಜನರಿಗೆ ಸಂಬಳ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂತು, ಕೆಲವರಿಗೆ ಬರಲೇ ಇಲ್ಲ. ಶಾಲೆಯ ಕಚೇರಿಯಲ್ಲಿ ಸಂಬಳದ ಪಟ್ಟಿ ನೋಡಿಕೊಳ್ಳುವವರು ತಿಂಗಳುಗಟ್ಟಲೆ ಅದನ್ನು ತಿದ್ದುತ್ತ ಕೂತರು. ಸಂಬಳ ಒಂದು ವಾರ ತಡವಾದರೆ ಹಾಲಿನವನಿಗೆ ಏನು ಹೇಳಬೇಕೆಂದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಸರ್ಕಾರವೇ ವಿಚಾರಣೆ ಮಾಡಿಸಿತು. 2013ರ ಜೂನ್‌ನಲ್ಲಿ ವರದಿ ಬಂತು. ಮಂತ್ರಿಗಳಿಗೆ ಹೋಗುತ್ತಿದ್ದ ವರದಿಗಳು ಒಂದೊಂದು ಸಲ ಒಂದೊಂದು ಥರ ಇದ್ದವು, ಕೆಲವೊಮ್ಮೆ ಅತಿಯಾದ ಆಶಾವಾದ ತುಂಬಿಕೊಂಡಿದ್ದವು, ಇದ್ದದ್ದನ್ನು ಬೇರೆಯಾಗಿ ತೋರಿಸಿದ್ದೂ ಉಂಟು ಎಂದು ಅದು ಹೇಳಿತು. ನನ್ನನ್ನು ತಟ್ಟಿದ್ದು ಇದು. 147 ಎಂಬ ಅಂಕಿ ಬಚ್ಚಿಟ್ಟದ್ದಲ್ಲ, ಎದುರಿಗೇ ಇತ್ತು. ಅಂಕಿಯ ಸುತ್ತ ಮೆತ್ತಗಿನ ಮಾತುಗಳಿದ್ದವು. 'ಸಂಭಾಳಿಸಬಹುದು', 'ಉಪಾಯವಿದೆ' ಎಂಬ ಜಾತಿಯ ಮಾತು ಒಂದು ಮೆಟ್ಟಿಲು ಹತ್ತಿದ ಹಾಗೆಲ್ಲ ಇನ್ನಷ್ಟು ಮೆತ್ತಗಾಗುತ್ತದೆ ಎಂಬುದನ್ನು ನಮ್ಮ ಇಲಾಖೆಯ ಸುತ್ತೋಲೆಗಳಿಗೆ ಉತ್ತರ ಬರೆದ ಯಾರೂ ಬಲ್ಲರು. ಅಂದರೆ ಬಾಯಿ ಬಿಟ್ಟರೆ ಸಾಲದು, ಬಿಟ್ಟ ಮಾತು ಅದೇ ಗಡಸಿನಲ್ಲಿ ಮೇಲೆ ಮುಟ್ಟಬೇಕು. ಬ್ರೂಕ್ಸ್ ಅವರ ಒಳ್ಳೆಯ ಯಜಮಾನ, ಕೈ ಕಟ್ಟಿ ಕೇಳಿಸಿಕೊಳ್ಳುವವನು, ಇಲ್ಲಿ ಮೂರು ಮೆಟ್ಟಿಲ ಮೇಲೆ ಕೂತಿದ್ದರೂ ಅವನಿಗೆ ಸಿಗುತ್ತಿದ್ದದ್ದು ಮೆತ್ತಗಾದ ಮಾತೇ.

ಮತ್ತೆ, ಎಲ್ಲರೂ ಹೊಂದಿಕೊಂಡು ಹೋದದ್ದರ ಬೆಲೆ ಕೊಟ್ಟವರು ಯಾರು? ಸಭೆಯಲ್ಲಿ ಕೂತವರಲ್ಲ. ಯಾವುದೋ ಊರಿನ ಶಾಲೆಯಲ್ಲಿ ಸಂಬಳಕ್ಕೆ ಕಾದು ಕೂತವಳು. ನನ್ನ ಸುಳ್ಳಿಗೆ ಬೆಲೆ ತೆತ್ತದ್ದೂ ನಾನಲ್ಲ, ಮೌರ್ಯರ ಹೆಸರು ಕೇಳದೆ ಒಂಬತ್ತಕ್ಕೆ ಹೋದ ಮಕ್ಕಳು. ಮಗಳಿಗೆ ಬುದ್ಧಿ ಹೇಳುವಾಗ ನನ್ನ ಲೆಕ್ಕದಲ್ಲಿ ಐದು ಜನರಿದ್ದರು, ಆರನೆಯವರು ಇರಲೇ ಇಲ್ಲ.

ಇದಕ್ಕೆ ಪ್ರತಿಯಾಗಿ ಗಿಟ್‌ಲ್ಯಾಬ್ ಎಂಬ ಕಂಪನಿಯ ಕಥೆ ನನಗೆ ಸಮಾಧಾನ ಕೊಟ್ಟಿತು. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಉಗ್ರಾಣ ಅದು. 2017ರ ಜನವರಿ 31ರಂದು ಅವರ ಕೆಲಸಗಾರನೊಬ್ಬ ತಪ್ಪಾಗಿ ಅಸಲು ದತ್ತಾಂಶವನ್ನೇ ಅಳಿಸಿಬಿಟ್ಟ. ನಕಲು ಇಡುವ ಏರ್ಪಾಡುಗಳನ್ನು ನೋಡಿದರೆ ಅವೂ ಕೈಕೊಟ್ಟಿದ್ದವು. ಸುಮಾರು ಆರು ಗಂಟೆಯ ದತ್ತಾಂಶ ಹೋಯಿತು. ಅವರು ಮುಚ್ಚಿಡಲಿಲ್ಲ. ಸರಿಪಡಿಸುವ ಕೆಲಸದ ಟಿಪ್ಪಣಿಗಳನ್ನು ನಡೆಯುತ್ತಿರುವಾಗಲೇ ಎಲ್ಲರಿಗೂ ತೆರೆದಿಟ್ಟರು. ನೇರ ಪ್ರಸಾರವನ್ನೂ ಮಾಡಿದರು. ಯಾವ ಗೋಡೆಯ ಹಾಳೆಗಿಂತಲೂ ದೊಡ್ಡ ಹಾಳೆ! ಆದರೆ ಆಮೇಲೆ ಬರೆದ ವಿವರವಾದ ವರದಿಯಲ್ಲಿ ಆ ಕೆಲಸಗಾರನಿಗೆ ಹೆಸರಿಲ್ಲ. 'ತಂಡದ ಸದಸ್ಯ 1' ಎಂದಷ್ಟೇ ಇದೆ. ಅವನ ಕೈತಪ್ಪಿಗಿಂತ, ನಕಲುಗಳು ಯಾಕೆ ಕೆಟ್ಟಿದ್ದವು, ಅದು ಯಾರಿಗೂ ಯಾಕೆ ತಿಳಿಯಲಿಲ್ಲ ಎಂಬುದನ್ನೇ ಹೆಚ್ಚು ಬರೆದಿದ್ದಾರೆ. ನಮ್ಮ ಮುಖ್ಯೋಪಾಧ್ಯಾಯರು ಗೋಡೆಯ ಹಾಳೆಯಿಂದ ಹೆಸರಿನ ಕಾಲಂ ಒಂದನ್ನು ಕತ್ತರಿಸಿ, 'ಎಂಟನೆಯ ತರಗತಿ, ಸಮಾಜ, ಎರಡು ಪಾಠ ಹಿಂದೆ' ಎಂದಷ್ಟೇ ಓದಿದ್ದರೆ? ಎಲ್ಲರಿಗೂ ಅದು ನಾನೇ ಎಂದು ತಿಳಿಯುತ್ತಿತ್ತು ಎನ್ನುತ್ತೀರಿ. ಹೌದು. ಆದರೂ ಕನ್ನಡಕ ತೆಗೆದು ನೋಡಲು ಅವರಿಗೆ ಮುಖ ಬೇಕಿರಲಿಲ್ಲ, ಪಾಠ ಸಾಕಿತ್ತು ಎನ್ನಿಸುತ್ತದೆ ನನಗೆ.

ಬ್ರೂಕ್ಸ್ ಅವರ ಅಧ್ಯಾಯದಲ್ಲಿ ನನಗೆ ಅತ್ಯುತ್ತಮವೆನಿಸಿದ್ದು ಅವರ ಮಾತಲ್ಲ, ಅವರು ಬಳಸಿಕೊಂಡಿರುವ ಇನ್ನೊಬ್ಬರದು. ಬೆಲ್ ಪ್ರಯೋಗಾಲಯದ ವಿಸೊಟ್ಸ್ಕಿ ಎಂಬವರು ಹೇಳುತ್ತಾರೆ: ವರದಿಯಲ್ಲಿ ಪ್ರತಿ ಕೆಲಸದ ಮುಂದೆ ಎರಡು ತಾರೀಖು ಇರಲಿ. ಒಂದು ಗೊತ್ತುಮಾಡಿದ ತಾರೀಖು, ಅದು ಯಜಮಾನನ ಸೊತ್ತು. ಇನ್ನೊಂದು ಅಂದಾಜಿನ ತಾರೀಖು, ಅದು ಆ ಕೆಲಸದ ಹತ್ತಿರ ಇರುವ ಕೆಳಗಿನ ಮುಖ್ಯಸ್ಥನ ಸೊತ್ತು. ಎರಡನೆಯದನ್ನು ಯಜಮಾನ ಮುಟ್ಟಕೂಡದು. ಕೇಳಲು ಹಿತವಾದ ಅಂದಾಜೂ ಬೇಡ, ತನ್ನನ್ನು ಕಾಪಾಡಿಕೊಳ್ಳಲು ಎಳೆದು ಹಾಕಿದ ಅಂದಾಜೂ ಬೇಡ, ನಿಜವಾದದ್ದು ಬೇಕು ಎಂದು ಮಾತ್ರ ಕೇಳಬೇಕು.

ಸೊತ್ತು ಎಂಬ ಮಾತು ನನಗೆ ತುಂಬಾ ಹಿಡಿಸಿತು. ಮಗಳ ಕಂಪನಿಯಲ್ಲಿ ಇದ್ದದ್ದು ಒಂದೇ ತಾರೀಖು. ಅದಕ್ಕೇ ಅವಳು "ಜೂನ್" ಎಂದದ್ದು ಯಜಮಾನನ ಏಪ್ರಿಲ್ ಅನ್ನು ಕಿತ್ತುಕೊಂಡ ಹಾಗೆ ಕೇಳಿಸಿರಬೇಕು, ನಕಾರಾತ್ಮಕವಾಗಿ. ಎರಡು ಕಾಲಂ ಇದ್ದಿದ್ದರೆ ಅವಳು ತನ್ನದರಲ್ಲಿ ತನ್ನ ತಾರೀಖು ಬರೆಯುತ್ತಿದ್ದಳು, ಅಷ್ಟೆ. ಅವರದು ಅವರ ಹತ್ತಿರವೇ ಇರುತ್ತಿತ್ತು. ನಡುವಿನ ಅಂತರವನ್ನು ನೋಡುವ ಕೆಲಸ ಎರಡೂ ಕಡೆಯವರದಾಗುತ್ತಿತ್ತು. ಹೀಗೆ ನಡೆಯುವ ಕಂಪನಿಗಳು ಇವೆಯೇ ಎಂದು ಅವಳನ್ನು ಕೇಳಿದೆ. ಜೋರಾಗಿ ನಕ್ಕಳು.

ಈ ವರ್ಷದ ಶುರುವಿನಿಂದ ನನ್ನ ಪಾಠ ಟಿಪ್ಪಣಿಯ ಪುಸ್ತಕದಲ್ಲಿ ಇಲಾಖೆಯ ತಾರೀಖಿನ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ತಾರೀಖು ಬರೆಯುತ್ತಿದ್ದೇನೆ. ಈಗಿನ ಮುಖ್ಯೋಪಾಧ್ಯಾಯಿನಿ ರುಜು ಹಾಕುವಾಗ, "ಇದೇನ್ರೀ ಎರಡೆರಡು?" ಎಂದರು. ಹೇಳಿದೆ. "ಇನ್ಸ್‌ಪೆಕ್ಷನ್‌ಗೆ ಮೊದಲು ಅಳಿಸಿಬಿಡಿ" ಎಂದು ರುಜು ಹಾಕಿದರು. ಇನ್ನೂ ಅಳಿಸಿಲ್ಲ.

ಹೋದ ಭಾನುವಾರ ಮಗಳ ಫೋನ್ ಬಂತು. ಹೊಸ ಕೆಲಸ, ಮತ್ತೆ ಅದೇ ಸೋಮವಾರ. "ಅವರ ತಾರೀಖು ಯಾವುದು?" ಎಂದೆ. ತಿಂಗಳ ಕೊನೆ ಎಂದಳು. "ನಿನ್ನದು?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಾದ ಮೇಲೆ ಮೂರು ವಾರ" ಎಂದಳು. ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಕೆಳಗೆ, ಎರಡನ್ನೂ ಬರೆದುಕೊಂಡೆ. ಏನು ಮಾಡಲಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.